ಬಗ್ಗಿಗೆ ಅಂಟಿದ ಮಂಗ

ಅನಂತಮೂರ್ತಿಯವರು ಹೊರಡುವ ಮೊದಲು ಬೈದು ಹೋಗಿರದಿದ್ದರೆ ನಂದನ ಆ ಮಂಗನನ್ನು ಬರೆಯುತ್ತಲೇ ಇರಲಿಲ್ಲ.

ಎರಡು ಸಾವಿರದ ಏಳನೆಯ ಇಸವಿ. ಶಿರಸಿ ಪೇಟೆಯ ಒಂದು ಝೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ ಅನಂತಮೂರ್ತಿಯವರ ಸಾಫ್ಟ್‌ವೇರ್ ಕಚೇರಿ. ಇದ್ದವರು ಮೂವರೇ: ಯಜಮಾನರು, ಪ್ರೋಗ್ರಾಂ ಬರೆಯುವ ಶ್ರೀವಾಣಿ, ಅದರಲ್ಲಿ ತಪ್ಪು ಹುಡುಕುವ ನಂದನ. ಆ ತಪ್ಪಿಗೆ ಅವರ ಭಾಷೆಯಲ್ಲಿ ‘ಬಗ್’. ಸಿಕ್ಕಿದ ಬಗ್ಗನ್ನೆಲ್ಲ ಇಂಟರ್‌ನೆಟ್ಟಿನ ಒಂದು ಜಾಗದಲ್ಲಿ ದಾಖಲಿಸಿ, ಸಾಕ್ಷಿಗೆ ಕಂಪ್ಯೂಟರ್ ಪರದೆಯ ಚಿತ್ರ ಲಗತ್ತಿಸಬೇಕು. ಗಿರಾಕಿ ತನ್ನ ಊರಲ್ಲೇ ಕೂತು ಅದನ್ನು ತೆರೆದು ನೋಡಬಹುದು.

ಈಗಿನ ಬಗ್ಗು ಕಿರವತ್ತಿಯ ಹೆದ್ದಾರಿ ಬದಿಯಲ್ಲಿ ಗಿರಾಕಿ ಚಂದ್ರಶೇಖರಪ್ಪನವರು ನಡೆಸುವ ಡಾಬಾದ್ದು. ಅಲ್ಲಿನ ಕಂಪ್ಯೂಟರಿನಲ್ಲಿ ‘ಮೊಸರನ್ನ’ ಒತ್ತಿದರೆ ಅಡಿಗೆಮನೆಗೆ ‘ಮೊಟ್ಟೆ ಸಾರು’ ಎಂದು ಚೀಟಿ ಹೋಗುತ್ತಿತ್ತು. ಏಕಾದಶಿಯ ಮರುದಿನ ಹಸಿದು ಬಂದ ಪುರೋಹಿತರೊಬ್ಬರು ಎಲೆ ಬಿಟ್ಟೆದ್ದು ಬಸ್ ಹತ್ತಿದ್ದರಂತೆ. ನಂದನ ದೂರು ದಾಖಲಿಸಿದ್ದ, ಚಿತ್ರ ಹಚ್ಚಿರಲಿಲ್ಲ.

“ಚಿತ್ರ ಇಲ್ದೇ ಆನು ಎಂತ ನೋಡವು? ಕಣಿ ಹೇಳವಾ?” ಅನಂತಮೂರ್ತಿ ಜೀಪು ಹತ್ತುತ್ತಲೇ ಗುಡುಗಿದರು. “ಆನು ಕಿರವತ್ತಿ ಮುಟ್ಟದ್ರೊಳಗೆ ಹಚ್ಚಿಡು. ಚಂದ್ರಶೇಖರಪ್ಪಂಗೆ ಅಲ್ಲೇ ತೆಗೆದು ತೋರಿಸ್ತೆ.”

ನಂದನ ಪರದೆಯ ಚಿತ್ರ ತೆಗೆದಿಟ್ಟ. ಸಿಟ್ಟು ಮಾತ್ರ ಇಳಿದಿರಲಿಲ್ಲ. ಕಂಪ್ಯೂಟರಿನಲ್ಲೇ ಒಂದು ಕೆಂಪು ಮಂಗನನ್ನು ಬರೆದ. ಮೂಗಿನ ತುದಿಗೆ ಜಾರಿದ ಕನ್ನಡಕ, ಬೋಳಿನ ಮೇಲೆ ಎಳೆದು ಬಾಚಿದ ನಾಲ್ಕು ಕೂದಲು, ಎಲೆ-ಅಡಿಕೆಯ ಕವಳ ತುಂಬಿ ಉಬ್ಬಿದ ಗಲ್ಲ. ಬಾಲ ಒಂದನ್ನು ಬಿಟ್ಟರೆ ಸಾಕ್ಷಾತ್ ಅನಂತಮೂರ್ತಿ. ಮನಸ್ಸು ಹಗುರಾಯಿತು. ಆ ಹಗುರಿನಲ್ಲೇ ಫೈಲು ಲಗತ್ತಿಸಿ ಗುಂಡಿ ಒತ್ತಿದ. ನೋಡಿದರೆ ಬಗ್ಗಿನ ಕೆಳಗೆ ಪರದೆಯ ಚಿತ್ರದ ಬದಲು ಮಂಗ ಕೂತಿತ್ತು.

ಯಜಮಾನರು ಸೀನುವುದನ್ನು ಅಣಕಿಸಿದ್ದಕ್ಕೇ ಹಿಂದಿನ ನೌಕರನ ಕೆಲಸ ಹೋಗಿತ್ತು. ನಂದನನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮೇಲಾಗಿ, ಹಚ್ಚಿದ ಫೈಲು ಅಳಿಸುವ ಅಧಿಕಾರ ಇದ್ದದ್ದು ಇಬ್ಬರಿಗೇ. ಒಬ್ಬರು ಜೀಪಿನಲ್ಲಿದ್ದರು. ಇನ್ನೊಬ್ಬಳು ಶ್ರೀವಾಣಿ, ರಜೆ ಹಾಕಿ ಬಿಳಗಿಯ ತವರಿಗೆ ಹೋಗಿದ್ದಳು.

ಬಿಳಗಿಗೆ ಫೋನು ಹಚ್ಚಿದ.

“ಅಕ್ಕಾ, ಬಗ್ಗಿಂದ ಒಂದು ಮಂಗನ್ನ ತೆಗೆಯವಾಗಿತ್ತು.”

“ಮಂಗ ಎಂತಕ್ಕೆ ಬಂತೋ ಅಲ್ಲಿ?”

“ಮಂಗ ಅಂದ್ರೆ… ನಮ್ಮ ಸರ್ರು.”

ಶ್ರೀವಾಣಿ ಪಿಸುದನಿಯಲ್ಲಿ ತನ್ನ ಪಾಸ್‌ವರ್ಡ್ ಹೇಳತೊಡಗಿದಳು. ಅವಳ ಹಿಂದೆ ಮಿಕ್ಸರ್ ಗರಗರ ಎನ್ನುತ್ತಿತ್ತು. ‘ಬಿ’ ಎಂದಳೋ ‘ಡಿ’ ಎಂದಳೋ ತಿಳಿಯಲಿಲ್ಲ. ನಂದನ ಬಿ ಹೊಡೆದ, ಡಿ ಹೊಡೆದ, ಗಾಬರಿಗೆ ಪಿ ಕೂಡ ಹೊಡೆದ. ಶ್ರೀವಾಣಿಯ ಖಾತೆಗೇ ಬೀಗ ಬಿತ್ತು.

ಅಷ್ಟರಲ್ಲಿ ಕೆಳಗಿನ ಝೆರಾಕ್ಸ್ ಅಂಗಡಿಯ ದೇವರು ಹೆಗಡೆ ಮೆಟ್ಟಿಲು ಹತ್ತಿ ಬಂದರು. ಹೆಸರೇ ದೇವರು, ಕರೆದರೂ ಕರೆಯದಿದ್ದರೂ ಪ್ರತ್ಯಕ್ಷ.

“ಎಂತಾ ಆತೋ? ಮುಖ ಸುಣ್ಣದಾಂಗೆ ಆಜಲಾ!” ಎನ್ನುತ್ತ ಪರದೆಗೆ ಕಣ್ಣು ಹಾಕಿದವರೇ ಕೇಳಿದರು, “ಹೋ, ಇದು ನಿಮ್ಮ ಅನಂತಮೂರ್ತಿ ಅಲ್ದನಾ?”

ನೋಡಿದ ಮರುಕ್ಷಣವೇ ಗುರುತು ಸಿಕ್ಕಿತ್ತು! ನಂದನ ಪರದೆಗೆ ಅಡ್ಡ ಕೈ ಹಿಡಿದ.

“ಹೆದ್ರಡ ತಮಾ. ಅದೇ ಹೆಸರು ಕೊಟ್ಟು ಖರೇ ಚಿತ್ರ ಹಾಕಿದ್ರೆ ಹಳೇದು ಅಳಿಸಿ ಹೋಗ್ತು. ಸರಿ ಅತ್ಲಾಗೆ.” ನಂದನ ಬೇಡ ಎನ್ನುವುದರೊಳಗೆ ದೇವರು ಹೆಗಡೆ ತಾವೇ ಮೌಸ್ ಹಿಡಿದು, ಕೈಗೆ ಸಿಕ್ಕಿದ ಫೈಲು ಆರಿಸಿ ಒತ್ತಿಬಿಟ್ಟರು. ಹಳೆಯ ಮಂಗ ಎಲ್ಲಿಗೂ ಹೋಗಲಿಲ್ಲ. ಪಕ್ಕದಲ್ಲಿ ಅದೇ ಮಂಗ ಇನ್ನೊಂದು ಬಂದು ಕೂತಿತು. ಕೆಳಗೆ ಒಂದು ಸಾಲು ಮೂಡಿತು: ಹೊಸ ಚಿತ್ರ ಬಂದಿರುವ ವಿಷಯ ಯಜಮಾನರಿಗೂ ಗಿರಾಕಿಗೂ ಇ-ಮೇಲಿನಲ್ಲಿ ಹೋಗಿದೆ.

“ಅಂಗಡೀಲಿ ಯಾರೂ ಇಲ್ಲೆ,” ಎಂದು ದೇವರು ಹೆಗಡೆ ಅದೃಶ್ಯರಾದರು.

ಊಟದ ಹೊತ್ತಿಗೆ ನಂದನನ ಮೊಬೈಲು ಬಡಿದುಕೊಂಡಿತು. ಅನಂತಮೂರ್ತಿ!

“ತಮಾ, ಇಲ್ಲಿ ನೆಟ್ಟು ಆಮೆ ನಡಿಗೆ. ನಿನ್ನ ಚಿತ್ರ ಮೇಲಿಂದ ಒಂದೊಂದೇ ಗೆರೆ ಇಳೀತಾ ಇದ್ದು.”

“ಸರ್, ಅದು ಬ್ಯಾಡ, ಮುಚ್ಚಿಬಿಡಿ…”

“ಸುಮ್ನಿರು. ನಾಲ್ಕು ಕೂದ್ಲು ಬಂತು… ಇದೆಂತಾ, ಕನ್ನಡಕ… ಎಲಾ ಎಲಾ… ಬಾಲ!”

ನಂದನ ಕಣ್ಣು ಮುಚ್ಚಿದ. ಅಪ್ಪನಿಗೆ ಏನು ಹೇಳುವುದು, ಬೇರೆ ಕೆಲಸ ಯಾರು ಕೊಡುತ್ತಾರೆ ಎಂದೆಲ್ಲ ಅಷ್ಟರಲ್ಲೇ ಯೋಚಿಸಿ ಮುಗಿಸಿದ. ಫೋನಿನಿಂದ ಮೊದಲು ಗೊರಗೊರ, ಆಮೇಲೆ ಅದುಮಿಟ್ಟ ನಗೆ. ಅನಂತಮೂರ್ತಿ ಆಚೆ ಸರಿದು ಪಿಸುಗುಟ್ಟಿದರು.

“ಎಂಥಾ ಚಲೋ ಬರದ್ಯೋ ಮಾರಾಯಾ! ಚಂದ್ರಶೇಖರಪ್ಪಂದೇ ಅಚ್ಚು! ಅದೇ ಗಲ್ಲ, ಅದೇ ಬೋಳು. ನೀ ಅವ್ರನ್ನ ಯಾವಾಗ ನೋಡಿದ್ಯೋ? ಅವ್ರಿಗೆ ಗುರ್ತು ಸಿಕ್ಕಿದ್ದಿಲ್ಲೆ, ನೀ ಬಾಯಿಬಿಡಡ. ತಗ, ಅವ್ರೇ ಮಾತಾಡ್ತ್ರಡ. ಆನು ಕೈ ತೊಳಕಂಡು ಬತ್ತೆ.”

ಫೋನು ಕೈ ಬದಲಾಯಿತು. ಇನ್ನೊಂದು ದಪ್ಪ ದನಿ ಮೆಲ್ಲಗೆ ಕೇಳಿಸಿತು.

“ತಮ್ಮಾ, ನಾನ್ರೀ ಚಂದ್ರಶೇಖರಪ್ಪ. ನಿಮ್ಮ ಸಾಹೇಬ್ರನ್ನ ಭಾಳ ಛಲೋ ತಗದೀರಿ ಬಿಡ್ರಿ! ಪಾಪ, ಅವ್ರಿಗೆ ಗೊತ್ತಾ ಆಗವಲ್ದು. ನಾನೂ ಹೇಳಂಗಿಲ್ಲ. ನಮ್ಮ ಡಾಬಾಕ್ಕೊಂದು ಬೋರ್ಡ್ ಬೇಕಾಗೇತಿ. ಇದಽ ಮಂಗ್ಯಾನ್ನ ಹತ್ತು ಫೂಟು ಬರದು ಕೊಡ್ರಿ. ಹುಬ್ಬಳ್ಳಿ ಲಾರಿ ಎಲ್ಲಾ ಇಲ್ಲೇ ನಿಂದರ್ಬೇಕು!”

“ಅಷ್ಟು ದೊಡ್ಡದು ನಂಗೆ ಬರೆಯೋಕೆ…” ಎನ್ನುವುದರೊಳಗೆ ಫೋನು ಮತ್ತೆ ಅನಂತಮೂರ್ತಿಯವರ ಕೈಗೆ ಬಂದಿತ್ತು. ಅವರ ದನಿಯಲ್ಲಿ ಮದುವೆ ಮನೆಯ ಹುರುಪು.

“ಆನು ಒಪ್ಪಿಕಂಡಾಜು. ನಾಳೆ ಮೊದಲ ಬಸ್ಸಿಗೇ ಬಣ್ಣ ಹಿಡ್ಕಂಡು ಬಾ. ಬೋರ್ಡ್ ಏರಿಸೋ ದಿನ ಪೇಪರಿನವ್ರನ್ನೂ ಕರೆಸ್ತೆ. ಎಂಗ ಇಬ್ರೂ ಅದ್ರ ಬುಡಕ್ಕೇ ನಿಂತು ಫೋಟೊ ತೆಗೆಸ್ಕತ್ಯ.” ಅವರು ದನಿ ತಗ್ಗಿಸಿದರು. “ಜನ ಒಂದ್ಸಲ ಮಂಗನ್ನ ನೋಡ್ಲಿ, ಒಂದ್ಸಲ ಕೆಳಗೆ ನಿಂತವ್ರ ಮುಖ ನೋಡ್ಲಿ. ಮಂಗ ಯಾರು ಹೇಳದು ಇಡೀ ಜಿಲ್ಲೆಗೇ ಗೊತ್ತಾಗವು!”

“ಅಡ್ಡಿಲ್ಲೆ ಸರ್,” ಎಂದ ನಂದನ.