ಮಂಟಪಕ್ಕೆ ಹೋದ ಬಾಟಲಿ ಬಾಳೆ

ಕೆಲಸ ಬದಲಾಯಿಸುವುದು ಕಷ್ಟವಲ್ಲ, ಹೊಸ ಕೆಲಸ ಏನೆಂದು ಮನೆಯವರಿಗೆ ತಿಳಿಸಿ ಹೇಳುವುದು ಕಷ್ಟ. ಆಂಡರ್ಸನ್‌ಪೇಟೆಯ ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮೇಷ್ಟ್ರಾಗಿದ್ದಷ್ಟು ಕಾಲ ನನಗೆ ಈ ತೊಂದರೆ ಇರಲಿಲ್ಲ. ಕಪ್ಪೆ ಕೊಯ್ಯುವ ಮೇಷ್ಟ್ರು ಎಂದರೆ ನಮ್ಮ ಬಂಗಾರಪೇಟೆಯ ಸ್ಟೇಷನ್ನಿನಲ್ಲೂ ಗುರುತು ಹಿಡಿಯುತ್ತಿದ್ದರು. ಎಂಬತ್ತರ ದಶಕದಲ್ಲಿ, ತಲೆ ನರೆಯತೊಡಗಿದ ಮೇಲೆ, ದೀರ್ಘ ರಜೆ ಹಾಕಿ ಬೆಂಗಳೂರಿನ ಪ್ರಯೋಗಾಲಯವೊಂದಕ್ಕೆ ಸಂಶೋಧನೆಗೆಂದು ದಿನಾ ರೈಲು ಹತ್ತತೊಡಗಿದೆ. ಬಾಳೆಗಡ್ಡೆಯ ಚೂರೊಂದನ್ನು ಬಾಟಲಿಯೊಳಗಿಟ್ಟು ಗಿಡ ಮಾಡುವುದು ನನ್ನ ಕೆಲಸ. ಅಮ್ಮ ಬೇತಮಂಗಲದ ರೈತರ ಮನೆಯಲ್ಲಿ ಹುಟ್ಟಿದವಳು. "ಬಾಳೆ ತಾನೇ ತಾನಾಗಿ ಮರಿ ಆಕ್ತದಲ್ಲಲಾ, ಅದಕ್ಕೆ ನೀನ್ಯಾಕೆ ದಿನಾ ರೈಲ್ನಾಗೆ ಓಗ್ಬೇಕು?" ಎಂದಳು. ನನ್ನಲ್ಲಿ ಉತ್ತರವಿತ್ತು, ಆದರೆ ಅದು ಇಂಗ್ಲಿಷಿನಲ್ಲಿತ್ತು.

ಬಾಟಲಿಯಲ್ಲಿ ಹುಟ್ಟಿದ ಗಿಡ ಮಹಾ ಸುಕುಮಾರ. ಹೊರಗೆ ತಂದು ಮಣ್ಣಿಗಿಟ್ಟರೆ ಸಾಮಾನ್ಯವಾಗಿ ಸಾಯುತ್ತದೆ. ನನ್ನವೂ ಸತ್ತವು, ಉಳಿದದ್ದು ನಾಲ್ಕು. ಮಣ್ಣಿನಲ್ಲಿ ನಿಂತ ಗಿಡ ತೋರಿಸಲಾಗದಿದ್ದರೆ ಶಾಲೆಗೆ ವಾಪಸು ಹೋಗಬಹುದು ಎಂದು ಮಾರ್ಗದರ್ಶಕರು ಬಹಳ ಮೃದುವಾಗಿ ಹೇಳಿದ್ದರು. ಹಬ್ಬದ ರಜೆಗೆ ಪ್ರಯೋಗಾಲಯ ಮುಚ್ಚುವುದರಿಂದ ನಾಲ್ಕನ್ನೂ ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ತಂದೆ. ಹಿತ್ತಲಲ್ಲಿ ಕುಂಡಕ್ಕಿಟ್ಟು ಪ್ಲಾಸ್ಟಿಕ್ ಹೊದಿಸಿ, ಘಳಿಗೆಗೊಮ್ಮೆ ಹೋಗಿ ನೋಡುತ್ತಿದ್ದೆ. ನನ್ನ ಸಪ್ಪೆ ಮುಖ ನೋಡಲಾರದೆ ಅಮ್ಮ, ಆ ಗಿಡಗಳು ಉಳಿಯಲೆಂದು ಸತ್ಯನಾರಾಯಣ ಪೂಜೆಗೆ ಏರ್ಪಾಡು ಮಾಡಿದಳು.

ಪೂಜೆಯ ದಿನ ಹೂವು ತರಲು ಪೇಟೆಗೆ ಹೋಗಿದ್ದೆ. ಬಂದು ನೋಡಿದರೆ ಮಂಟಪದ ನಾಲ್ಕು ಮೂಲೆಗೂ ಬಾಳೆಕಂದು ಕಟ್ಟಿತ್ತು. ಗೇಣುದ್ದದವು. ಕುಂಕುಮ ಹಚ್ಚಿತ್ತು.

"ಅಮ್ಮಾ, ಇವು ಎಲ್ಲಿಂದ ಬಂದ್ವು?"

"ಮನೇನಾಗೆ ಬಾಳೆ ಇಟ್ಕೊಂಡು ಸಂತೇನಾಗೆ ಯಾಕ್ಲಾ ತರೋದು? ಬೇರಿಗೆಲ್ಲ ಮಣ್ಣು ಮೆತ್ಕೊಂಡಿತ್ತು. ಬುಡ ಕುಯ್ದು, ತೊಳ್ದು ಕಟ್ಟಿವ್ನಿ. ದೇವ್ರ ಮುಂದೇನೇ ನಿಂತ್ರೆ ಇನ್ನೂ ಗಟ್ಟಿಯಾಗ್ತವೆ."

"ಕೂತ್ಕೊಳ್ಳಿ ಮೇಷ್ಟ್ರೇ, ಸಂಕಲ್ಪಕ್ಕೆ ಹೊತ್ತಾಯ್ತು," ಎಂದರು ಪುರೋಹಿತರು.

ಕೂತೆ. ಬೇರು ಹೋದ ಗಿಡ ಬಾಳದು ಎಂದು ವರ್ಷಗಟ್ಟಲೆ ಪಾಠ ಹೇಳಿದ ನಾನು, ಆ ಗಿಡಗಳ ಆಯುಷ್ಯ ವೃದ್ಧಿಗಾಗಿ ಆ ಗಿಡಗಳ ಮುಂದೆಯೇ ಕೈಮುಗಿದು ಕಣ್ಣು ಮುಚ್ಚಿದೆ. ನಿಜವಾಗಿಯೂ ಬೇಡಿಕೊಂಡೆ. ಕಣ್ಣಲ್ಲಿ ನೀರು ಬಂದದ್ದು ಧೂಪದ ಹೊಗೆಗೆ ಎಂದು ಎಲ್ಲರೂ ತಿಳಿದರು.

ಹಬ್ಬದ ರಜೆ ಮುಗಿದ ಮೇಲೆ ಬಾಡಿದ ನಾಲ್ಕನ್ನೂ ಕಾಗದದಲ್ಲಿ ಸುತ್ತಿಕೊಂಡು ಮಾರ್ಗದರ್ಶಕರ ಮುಂದೆ ನಿಂತೆ. ನಡೆದದ್ದನ್ನು ಹೇಳಲೆಂದೇ ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದು, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಈ ಕೆಂಪು ಚುಕ್ಕೆ ಯಾವ ರೋಗವೋ ಗೊತ್ತಾಗುತ್ತಿಲ್ಲ, ಅದಿರಲಿ. ಎಲೆ ಬಂದಿದೆ, ಕಾಂಡ ಬಂದಿದೆ, ಬೇರಿನ ಸುಳಿವೇ ಇಲ್ಲ. ನಿಮ್ಮ ಸಮಸ್ಯೆ ಇರುವುದೇ ಅಲ್ಲಿ. ಇನ್ನೊಂದು ವರ್ಷ ಇದ್ದು ಅದನ್ನೇ ಅಭ್ಯಾಸ ಮಾಡಿ."

ನಿಜ ಹೇಳಿದರೆ ವಾಪಸು ಹೋಗಬೇಕಾದ ಶಾಲೆಯ ಗಂಟೆ ಕಿವಿಯಲ್ಲಿ ಬಾರಿಸಿದಂತಾಗಿ ನಾನು ಬಾಯಿ ಮುಚ್ಚಿದೆ.

ಬಾಟಲಿ ಬಾಳೆಗೆ ಬೇರು ಬರಿಸುವ ವಿಷಯದ ಮೇಲೆಯೇ ಬರೆದು ನಾನು ಡಾಕ್ಟರ್ ಅನ್ನಿಸಿಕೊಂಡೆ. ಆಮೇಲಿನ ಗಿಡಗಳು ಮಣ್ಣಿನಲ್ಲಿ ನಿಂತವು, ಗೊನೆಯನ್ನೂ ಹಾಕಿದವು. ಎಲ್ಲವೂ ಆ ಪೂಜೆಯ ಫಲ ಎಂದು ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು. ವಿಜ್ಞಾನಿಯಾದವನು ಪುರಾವೆ ಇಲ್ಲದೆ ವಾದಕ್ಕಿಳಿಯಬಾರದು, ಪುರಾವೆಯೆಲ್ಲ ಅವಳ ಕಡೆಗೇ ಇತ್ತು.