ಸುಗ್ರಾಬಿಯ ಸರಕಾರಿ ಮಗ

ವಕೀಲ: ಸುಗ್ರಾಬಿಗೆ ಮಗ ಇಲ್ರಿ ಪುಂಡಲೀಕಪ್ಪನವರ, ಇಲ್ಲ! ಎಷ್ಟ ಸಲ ಹೇಳಬೇಕು?

ಪುಂಡಲೀಕಪ್ಪ: ನೀವು ಹೇಳಿದ್ರ ಏನಾತ್ರಿ? ಕಾಗದ ಅದಾನ ಅಂತೈತಿ.

ವಕೀಲ: ಹಡದಾಕಿಗೆ ಗೊತ್ತಿಲ್ಲದ ಮಗ ಕಾಗದಕ್ಕ ಹೆಂಗ ಗೊತ್ತಾದ?

ಪುಂಡಲೀಕಪ್ಪ: ಮಗ ಸತ್ತಿದ್ರ ಸತ್ತ ದಾಖಲೆ ತರ್ರಿ, ಹೆಸರು ತಗದಹಾಕತೇನಿ.

ವಕೀಲ: ಹುಟ್ಟದ ಇದ್ದಾಂವ ಸಾಯೋದು ಹೆಂಗ್ರಿ?

ಪುಂಡಲೀಕಪ್ಪ: ಹಂಗಾರ ಮದಲ ಹುಟ್ಟಿದ ದಾಖಲೆ ತರ್ರಿ. ಒಂದೊಂದಽ ಮಾಡೂಣು.

ಇದು ಎಪ್ಪತ್ತೆಂಟನೇ ಇಸವಿಯ ಮಾತು. ಯಾವ ಊರಿನ ಕಚೇರಿ ಎಂದು ಮಾತ್ರ ಕೇಳಬೇಡಿ. ಹೇಳಿದರೆ ಅಲ್ಲಿನವರಿಗೆ ಸಿಟ್ಟು ಬರುತ್ತದೆ. ಹೇಳದಿದ್ದರೆ ಎಲ್ಲ ಕಚೇರಿಯವರೂ ಅದು ಪಕ್ಕದ ಊರಿನದು ಎಂದುಕೊಂಡು ನಗುತ್ತಾರೆ. ಗುಮಾಸ್ತ ಪುಂಡಲೀಕಪ್ಪ ಕೆಟ್ಟವನೇನಲ್ಲ. ಲಂಚ ಮುಟ್ಟಿದವನಲ್ಲ, ವಿಭೂತಿ ಬಳಿದುಕೊಳ್ಳದೆ ಕಚೇರಿಯ ಮೆಟ್ಟಿಲು ಹತ್ತಿದವನಲ್ಲ. ಜನ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ, ಬರೆಯುವಾಗ ತಲೆ ಎತ್ತುವುದಿಲ್ಲ ಎಂಬುದು ಅವನ ದೊಡ್ಡ ಹೆಮ್ಮೆ. ಪಾಪ, ಅವನ ಕಷ್ಟವೆಲ್ಲ ಶುರುವಾದದ್ದೂ ಅಲ್ಲಿಂದಲೇ.

ಅಡರಕಟ್ಟಿಯ ಸುಗ್ರಾಬಿ ಹಳೆ ಬಟ್ಟೆಗಳ ಕೌದಿ ಹೊಲಿದು ಹೊಟ್ಟೆ ಹೊರೆದವಳು. ಗಂಡ ತೀರಿಹೋಗಿದ್ದ, ಮಕ್ಕಳಾಗಲೇ ಇಲ್ಲ. ಈಗ ಸೂಜಿಗೆ ದಾರ ಪೋಣಿಸಲು ಕಣ್ಣು ನಡೆಯುತ್ತಿರಲಿಲ್ಲ. ಸರಕಾರ ಮುದುಕರಿಗೆ ಕೊಡುವ ಪಗಾರ ಬಂದರೆ ಅವಳ ಒಲೆ ಹೊತ್ತಬೇಕು. ಆದರೆ ದುಡಿಯುವ ಮಗನಿದ್ದವರಿಗೆ ಆ ಪಗಾರವಿಲ್ಲ ಎಂಬುದು ನಿಯಮ. ಮನೆಗೆ ಹೋಗಿ ವಿಚಾರಿಸಿ ಬಂದ ಪುಂಡಲೀಕಪ್ಪ ಮಗನಿದ್ದಾನೆ ಎಂದು ಬರೆದು ಅರ್ಜಿಯನ್ನು ಹೊಡೆದು ಹಾಕಿದ್ದ. ಲಕ್ಷ್ಮೇಶ್ವರದ ಶ್ರೀನಿವಾಸ ವಕೀಲರು ಫೀಯ ಮಾತೆತ್ತದೆ ಅವಳ ಬೆನ್ನಿಗೆ ನಿಂತು, ಇವತ್ತು ಬಸ್ಸು ಹತ್ತಿಸಿ ಕರೆತಂದಿದ್ದರು. ಅವಳು ಬಾಕಿನ ಮೇಲೆ ಕೂತು ಇಬ್ಬರ ಜಗಳವನ್ನೂ ಪ್ರೀತಿಯಿಂದ ಕೇಳುತ್ತಿದ್ದಳು.

ವಕೀಲ: ಆತು. ಏನ ಬರದೀರಿ, ಓದ್ರಿ.

ಪುಂಡಲೀಕಪ್ಪ (ಗಂಟಲು ಸರಿಮಾಡಿಕೊಂಡು): ಪ್ರಶ್ನೆ, ಮಕ್ಕಳು ಅದಾರೇನು? ಉತ್ತರ, ಅದಾನಲ್ಲಪಾ ಒಬ್ಬ ಮಗ. ಪ್ರಶ್ನೆ, ಏನ ಮಾಡತಾನ? ಉತ್ತರ, ಸರಕಾರಿ ನೌಕರಿ. ಪ್ರಶ್ನೆ, ಎಲ್ಲಿರತಾನ? ಉತ್ತರ, ಇಲ್ಲೇ ಅದಾನ, ನನ್ನ ಮುಂದ ಕುಂತು ಚಹಾ ಕುಡ್ಯಾಕತ್ತಾನ. ಕೆಳಗ ಆಕಿ ಹೆಬ್ಬೆಟ್ಟು ಐತಿ, ನೋಡ್ರಿ!

ವಕೀಲ: ಆವಾಗ ಮನ್ಯಾಗ ಯಾರ‍್ಯಾರ ಇದ್ರಿ?

ಪುಂಡಲೀಕಪ್ಪ: ನಾನು, ಈ ಮುದಿಕಿ, ಒಂದು ಆಡು.

ವಕೀಲ: ಆಡಿಗೆ ಸರಕಾರಿ ನೌಕರಿ ಐತೇನ್ರಿ?

ಪುಂಡಲೀಕಪ್ಪ: ಚಾಷ್ಟಿ ಮಾಡಬ್ಯಾಡ್ರಿ. ಮಗ ಅಲ್ಲೇ ಎಲ್ಲೋ ಬಾಜೂಕ ಕುಂತಿರಬೇಕು.

ವಕೀಲ: ನೀವು ನೋಡ್ಲಿಲ್ಲಾ?

ಪುಂಡಲೀಕಪ್ಪ: ನಾ ಬರ‍್ಯಾಕತ್ತಿದ್ನಿ. ನೋಡಕೋತ ಕುಂತ್ರ ಬರಿಯೋದು ಯಾವಾಗ್ರಿ?

ವಕೀಲ: ಚಹಾ ಕುಡದಾವ್ರು ಯಾರು?

ಪುಂಡಲೀಕಪ್ಪ: ನಾನೂ ಕುಡದ್ನಿ. ಶುಂಠಿ ಹಾಕಿದ್ಲು, ಚಲೋ ಇತ್ತು.

ವಕೀಲ: ಮತ್ತ ಮಗ?

ಪುಂಡಲೀಕಪ್ಪ: ಅವಂಗೂ ಕೊಟ್ಟಿರಬೇಕು ಬಿಡ್ರಿ.

ಸುಗ್ರಾಬಿ: ನಮ್ಮನ್ಯಾಗ ಕಪ್ಪು ಇರೋದಽ ಒಂದು.

ಪುಂಡಲೀಕಪ್ಪ: ನೀ ಸುಮ್ಕಿರು ಮುದಿಕಿ, ಇಲ್ಲಿ ಕಾನೂನು ಮಾತಾಡಾಕತ್ತೇವಿ!

ವಕೀಲರು ಕರಿ ಕೋಟಿನ ಗುಂಡಿ ಹಾಕಿಕೊಂಡರು. ದನಿ ಒಮ್ಮೆಲೇ ಬೆಣ್ಣೆಯಾಯಿತು. ವಕೀಲರ ದನಿ ಹಾಗಾದಾಗ ಹುಷಾರಾಗಬೇಕು ಎಂಬುದು ಪುಂಡಲೀಕಪ್ಪನಿಗೆ ಗೊತ್ತಿರಲಿಲ್ಲ.

ವಕೀಲ: ನಾವು ಸೋತ್ವಿ ತಗೋರ‍್ರಿ. ಮಗ ಅದಾನ. ಈಗ ಅವನ ಮ್ಯಾಲೆ ಪೋಟಗಿ ದಾವಾ ಹಾಕತೇವಿ. ತಾಯಿಗೆ ಅನ್ನ ಹಾಕದ ಮಗನ ಪಗಾರದಾಗ ತಿಂಗಳಾ ಮುರದು ತಾಯಿಗೆ ಕೊಡ್ರಿ ಅಂತ.

ಪುಂಡಲೀಕಪ್ಪ: ಹಾಕ್ರಿ! ಬರೋಬರಿ ಜಡದು ಹಾಕ್ರಿ! ಇಂಥಾವರಿಂದಽ ಸರಕಾರಿ ನೌಕರರಿಗೆ ಕೆಟ್ಟ ಹೆಸರು!

ವಕೀಲ: ಆದ್ರ ಅವನ ಗುರುತು ಬೇಕಲ್ರಿ. ಮುಂದ ಓದ್ರಿ.

ಪುಂಡಲೀಕಪ್ಪ: ಪ್ರಶ್ನೆ, ಮಗನ ಗುರುತು? ಉತ್ತರ, ಬೋಳತಲಿ. ಕಂಕಳಾಗ ಚೀಲ. ಹಣಿ ತುಂಬ ವಿಭೂತಿ...

ಓದು ನಿಂತಿತು. ಸುಗ್ರಾಬಿಯ ಮಗ ವಿಭೂತಿ ಹಚ್ಚುವುದೇಕೆ ಎಂಬ ಸಂಶಯ ಅವನಿಗೆ ಮೊಟ್ಟಮೊದಲು ಬಂದದ್ದು ಆಗ. ಕೈ ತಾನಾಗಿ ಹಣೆಗೆ ಹೋಯಿತು. ಬೆರಳು ಬೆಳ್ಳಗಾದವು.

ಪುಂಡಲೀಕಪ್ಪ: ಇಂವ... ನನ್ನಂಗಽ ಅದಾನಲ್ರಿ!

ವಕೀಲ: ನಾನೂ ಅದನ್ನಽ ಅಂದಕೊಂಡೆ. ನಿಮ್ಮ ಪಗಾರ ಎಷ್ಟ್ರಿ?

ಪುಂಡಲೀಕಪ್ಪ: ಏ ಮುದಿಕಿ, ನಾ ಯಾವಾಗ ನಿನ್ನ ಮಗ ಆದ್ನಿ?

ಸುಗ್ರಾಬಿ: ಬಾ ಮಗನ ಅಂದೆ, ಬಂದಿ. ಕುಂಡ್ರು ಮಗನ ಅಂದೆ, ಕುಂತಿ. ಚಹಾ ಕುಡಿ ಮಗನ ಅಂದೆ, ಕುಡದಿ. ಆಮ್ಯಾಲೆ ಮಕ್ಕಳು ಅದಾರೇನು ಅಂತ ಕೇಳಿದಿ. ಮನಿಗೆ ಬಂದ ಮಗನ ಮಾರಿ ಮುಂದ ಇಲ್ಲ ಅನ್ನಾಕ ಬರತೈತೇನೋ?

ಪುಂಡಲೀಕಪ್ಪನಿಗೆ ಮನೆ ನೆನಪಾಯಿತು. ಇರುವ ಒಬ್ಬ ಅತ್ತೆಯನ್ನೇ ಅವನ ಹೆಂಡತಿ ತಾಳಿಕೊಳ್ಳುತ್ತಿರಲಿಲ್ಲ. ಎರಡನೆಯವಳ ಸುದ್ದಿ ಹೇಳುವುದು ಹೇಗೆ? ಗಡಬಡಿಸಿ ಹೊಸ ಹಾಳೆ ಎಳೆದುಕೊಂಡ.

ಪುಂಡಲೀಕಪ್ಪ: ಮತ್ತ ಬರಿಯೂಣು. ಸುಗ್ರಾಬಿ, ಮಕ್ಕಳು ಅದಾರೇನು? ಇಲ್ಲ ಅನ್ನು.

ಸುಗ್ರಾಬಿ: ಮುಂದಽ ಕುಂತಿ ಅಲ್ಲೋ.

ವಕೀಲ: ಇಲ್ಲ ಅನ್ರಿ ಸುಗ್ರಾಬಿ, ಪಗಾರ ಬರತೈತಿ.

ಸುಗ್ರಾಬಿ: ಪಗಾರದ ಆಸೇಕ್ಕ ಮಗನ್ನ ಇಲ್ಲ ಅನ್ಲ್ಯಾ ವಕೀಲಸಾಹೇಬ್ರ? ಖುದಾ ಏನಂದಾನು?

ಪುಂಡಲೀಕಪ್ಪ: ಹಂಗನಬ್ಯಾಡಬೇ. ನಿನ್ನ ಒಲಿ ಹೊತ್ತಬೇಕಲ್ಲ. ನಿನ್ನ ಕಾಲಿಗೆ ಬೀಳತೇನಿ ಯವ್ವಾ, ಇಲ್ಲ ಅನ್ನು!

ಸುಗ್ರಾಬಿ: ಕೇಳಿದ್ರಿಲ್ಲೋ? ಅವನಽ ಯವ್ವಾ ಅಂದ. ಇನ್ನ ಹೆಂಗ ಇಲ್ಲ ಅನ್ಲಿ?

ವಕೀಲರು ತಲೆ ಹಿಡಿದು ಕೂತರು. ಗೆದ್ದ ಕೇಸನ್ನು ಕಕ್ಷಿದಾರಳೇ ಮುಳುಗಿಸುತ್ತಿದ್ದಳು. ಪುಂಡಲೀಕಪ್ಪ ಪೆನ್ನು ಕೆಳಗಿಟ್ಟು ಅವಳನ್ನು ನೋಡಿದ. ಅಷ್ಟು ದಿನಕ್ಕೆ ನೋಡಿದ್ದು ಇದೇ ಮೊದಲು. ಪೊರೆ ಬಂದ ಕಣ್ಣು, ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿದ ಬೆರಳು. ಈ ಬೆರಳನ್ನೇ ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದೆನಲ್ಲ ಎಂದು ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಪುಂಡಲೀಕಪ್ಪ: ಯವ್ವಾ, ಮುಂಡರಗಿಯಾಗ ನನ್ನ ಹಡದಾಕಿ ರಾಮವ್ವ ಅಂತ ಅದಾಳ. ಆಕಿಗೆ ನಾ ಒಬ್ಬನಽ. ನೀ ನನ್ನ ಕಸಗೊಂಡ್ರ ಆಕಿ ಗತಿ ಏನಬೇ?

ಸುಗ್ರಾಬಿ: ಅಯ್ಯ! ಒಬ್ಬಾಕಿ ಹಡದ ಮಗನ್ನ ನಾ ಯಾಕ ಕಸಗೊಳ್ಳಲಿ? ಮದಲ ಹೇಳಬಾರದಾ? ಬರಕೋ. ಇಲ್ಲ, ಮಗನ.

ಒಂದಕ್ಷರ ಬಿಡದ ಕೈ ಅದು. 'ಇಲ್ಲ' ಎಂದು ಬರೆದು, ಮುಂದೆ 'ಮ' ಎಂದೂ ಬರೆಯಿತು.

ವಕೀಲ (ಪೆನ್ನಿಗೆ ಕೈ ಹಾಕಿ): ಅಲ್ಲೇ ನಿಲ್ಲಸ್ರಿ! ಮತ್ತ ಹುಟ್ಟತಾನ ಅಂವ!

ಪುಂಡಲೀಕಪ್ಪ ತಲೆ ಎತ್ತಿದ, ಯೋಚಿಸಿದ. 'ಇಲ್ಲ'ದ ಮುಂದೆ ದಪ್ಪನೆಯ ಚುಕ್ಕೆಯಿಟ್ಟು, ಆ 'ಮ'ವನ್ನೇ ಎಳೆದು 'ಮಂಜೂರು ಮಾಡಬಹುದು' ಎಂದು ಮುಗಿಸಿ ಸಹಿ ಹಾಕಿದ.

ಸುಗ್ರಾಬಿ: ಹಂಗಾರ ಇನ್ನ ಚಹಾಕ್ಕ ಬರೂದಿಲ್ಲೇನೋ?

ಪುಂಡಲೀಕಪ್ಪ: ಬರತೇನಿ ಯವ್ವಾ.

ಸುಗ್ರಾಬಿ: ಬಾ. ಆದ್ರ ಪೆನ್ನು ಇಲ್ಲೇ ಇಟ್ಟು ಬಾ, ಮಗನ.