ಕಾಕುನ ಖಾನಾವಳಿಗೆ ಒಂದ ಚುಕ್ಕಿ

ಸವದತ್ತ್ಯಾಗ ಸಣ್ಣ ಅಂಗಡಿಗೋಳು ಮಂದಿ ಫೋನಿನ್ಯಾಗ ಕಾಣೂಹಂಗ ಮಾಡಿಕೊಡೂದ ನನ್ನ ಕೆಲಸ. ಫೋಟೋ ತಗಿಯೂದು, ವಾಟ್ಸಾಪ್ ಹೊಂದಿಸೂದು, ಮ್ಯಾಪಿನ್ಯಾಗ ಅಂಗಡಿ ಹಾಕೂದು. ಖರೇ ಹೇಳತೇನಿ ಕೇಳ್ರಿ, ಈ ಕೆಲಸದಾಗ ನಾ ಹೇಳೂದೊಂದು ಅಲ್ಲಿ ಆಗೂದೊಂದು, ಹಂಗ ಆಗಲಾರದ ವಾರಾನ ಇಲ್ಲ. ಬ್ಯಾರೇದವ್ರ ಸುದ್ದಿ ಬಿಡ್ರಿ, ನಮ್ಮ ಓಣ್ಯಾಗ ಎಲ್ಲಾರೂ ಕಾಕು ಅನ್ನೂ ಹೆಣಮಗಳ ಖಾನಾವಳಿದಷ್ಟ ಹೇಳತೇನಿ.

ಖಾನಾವಳಿ ಉಗರಗೋಳ ರಸ್ತಾದಾಗ ಐತಿ. ಮೊದಲ ದೇವಿ ಗುಡ್ಡಕ್ಕ ಹೋಗಾವ್ರು ರೊಟ್ಟಿ ವಾಸನಿಗೆ ತಾವ ಒಳಗ ಬರ್ತಿದ್ರು, ಈಗ ಫೋನ್ ನೋಡಕೋತ ಮುಂದಿನ ದೊಡ್ಡ ಹೊಟೆಲ್ಲಿಗೆ ಹೋಗತಾರ. ಕಾಕು ನನ್ನ ಕರದು, "ಬರೂ ಹುಣ್ಣಿವಿ ತನಕ ನೋಡತೇನಿ ತಂಗಿ. ಅಷ್ಟರಾಗ ಗಿರಾಕಿ ಬರಲಿಲ್ಲಂದ್ರ ಬಾಗಲಾ ಹಾಕಿ ಮನ್ಯಾಗ ಕುಂದರತೇನಿ" ಅಂದ್ರು. ನಾ ಅವತ್ತ ಶುರು ಮಾಡಿದೆ.

ಫೋಟೋ

ಊಟದ ಫೋಟೋ ಯಾವಾಗ್ಲೂ ಕಿಡಕಿ ಬೆಳಕಿನ್ಯಾಗ ತಗೀಬೇಕು, ಲೈಟ್ ಹಚ್ಚಿ ತಗದ್ರ ಪಲ್ಲೆ ಎಲ್ಲಾ ಹಳದಿ ಕಾಣತೈತಿ. ಅದಕ್ಕ ತಾಟ ಕಿಡಕಿ ಬಾಜೂಕ ಇಟ್ಟೆ. ಎರಡ ಜೋಳದ ರೊಟ್ಟಿ, ಎಣ್ಣಿಗಾಯಿ, ಝುಣಕ, ಶೇಂಗಾ ಹಿಂಡಿ, ಮೊಸರು, ನೋಡಿದ್ರ ನನಗ ಹಸಿವ್ಯಾತು.

ಕಾಕು ಬ್ಯಾಡ ಅಂದ್ರು. "ತಾಟ ತುಂಬ ತೋರಿಸಬ್ಯಾಡ, ಊರ ಮಂದಿ ಕಣ್ಣ ಬೀಳತೈತಿ."

"ಕಾಕು, ಕಣ್ಣ ಬೀಳಲಿ ಅಂತನ ಹಾಕಾಕ ಹತ್ತೇವ್ರಿ."

ಕಾಕು ವಿಚಾರ ಮಾಡಿ ಹೂಂ ಅಂದ್ರು. ನಾ ಫೋನ್ ಒರಸಕೊಳ್ಳೂದ್ರಾಗ, ನನಗ ಗೊತ್ತಾಗಲಾರದಂಗ, ಮ್ಯಾಲಿನ ರೊಟ್ಟಿಗೆ ಬೆರಳಿಲೆ ಒಂದ ಕಾಡಿಗಿ ಬೊಟ್ಟ ಇಟ್ಟಬಿಟ್ಟಾರ, ಕೂಸಿಗೆ ದೃಷ್ಟಿ ಬೊಟ್ಟ ಇಟ್ಟಂಗ. ನಾ ನೋಡಲಿಲ್ಲ, ಫೋಟೋ ಹಾಕೇ ಬಿಟ್ಟೆ. ಮೊದಲನೇ ಕಮೆಂಟ್ ಬಂತು: "ರೊಟ್ಟಿ ಮ್ಯಾಲ ನೊಣಾ ಕುಂತೈತೇನ್ರಿ?"

ನಾ ಗಾಬರ್ಯಾಗಿ ಕಾಕುಗ ಓದಿ ಹೇಳಿದೆ. ಕಾಕು ರೊಟ್ಟಿ ಬಡಿಯೂದ ಬಿಡಲಿಲ್ಲ. "ನೊಣಾ ಅಲ್ಲ, ಮನ್ಯಾಗ ಮಾಡಿದ ಕಾಡಿಗಿ ಐತಿ ಅಂತ ಬರಿ. ಸ್ವಚ್ಛ ಐತಿ."

ತಾನ ಹೋಗೂ ಉತ್ತರ

ಆಮ್ಯಾಲ ವಾಟ್ಸಾಪ್. ಯಾರರ ಮೆಸೇಜ್ ಹಾಕಿದ್ರ ಫೋನ್ ತಾನ ಒಂದ ಉತ್ತರ ಕಳಸೂಹಂಗ ಮಾಡಾಕ ಬರತೈತಿ, ಗಿರಾಕಿ ಕಾಯೂದು ತಪ್ಪತೈತಿ. "ಏನಂತ ಬರೀಲಿ ಕಾಕು?" ಅಂತ ಕೇಳಿದೆ.

"ಮನಿಗೆ ಬಂದವ್ರಿಗೆ ಏನ್ ಕೇಳತೇವಿ? ಊಟ ಆತೇನ್ರಿ ಅಂತ ಬರಿ."

ನನಗೂ ಅದು ಭಾಳ ಚಂದ ಅನಿಸ್ತು, ಹಂಗ ಬರದೆ.

ಬೈಲಹೊಂಗಲದಿಂದ ಒಬ್ರು ಮೆಸೇಜ್ ಹಾಕಿದ್ರು: "ನಮಸ್ಕಾರ್ರಿ, ನಾಳೆ ಖಾನಾವಳಿ ಚಾಲೂ ಐತೇನ್ರಿ?" ಫೋನ್ ಕೇಳ್ತು: "ಊಟ ಆತೇನ್ರಿ?" ಅವ್ರು ಬರದ್ರು: "ಆತ್ರಿ. ನಿಮ್ದು?" ಮುಗೀತು, ಮುಂದ ಸುದ್ದಿನ ಇಲ್ಲ. ಇಡೀ ವಾರ ಹಿಂಗ. ನಮ್ಮ ಕಡೆ ಹೊಟ್ಟಿ ಚುರ್ ಅನ್ನಾಕ ಹತ್ತಿದ್ರೂ ಊಟ ಆತೇನ್ರಿ ಅಂದ್ರ ಆತ್ರಿ ಅಂತನ ಅನ್ನೂದು, ಅದು ನನ್ನ ತಲ್ಯಾಗ ಬರಲೇ ಇಲ್ಲ.

ಕಾಕು ಒಂದೊಂದ ಓದಿಸಿ ಕೇಳಿದ್ರು. ಎಲ್ಲಾರೂ ಉಂಡವ್ರ. ಮಾರಿ ಸಣ್ಣದ ಮಾಡಿ ಅಂದ್ರು, "ಇಷ್ಟ ಮಂದಿ ಯಾರ ಕಡೆ ಉಂಡ್ರಂತ ಕೇಳ ಮತ್ತ."

ಚುಕ್ಕಿ

ಇಷ್ಟಾದ್ರೂ ಒಂದ ಛಲೋ ಸುದ್ದಿ ಬಂತು. ಕಿತ್ತೂರಿನ ಒಬ್ರ ಮಾಸ್ತರು ಹುಣ್ಣಿವಿ ದಿನ ತಮ್ಮ ಓಣಿ ಮಂದೀನ ಒಂದ ಬಸ್ ತುಂಬ ಗುಡ್ಡಕ್ಕ ಕರಕೊಂಡ ಬರಾವ್ರಿದ್ರು, ಊಟಕ್ಕ ಕೇಳಿ ಫೋನ್ ಮಾಡಿದ್ರು. ಆದ್ರ ಹಿಂಗಂದ್ರು: "ಮ್ಯಾಪಿನ್ಯಾಗ ನಿಮ್ಮ ಖಾನಾವಳಿಗೆ ಚುಕ್ಕಿ ಕಡಿಮಿ ತೋರಸಾಕ ಹತ್ತೈತ್ರಿ. ವಿಚಾರ ಮಾಡಿ ಹೇಳತೇನಿ."

ತಗದ ನೋಡಿದ್ರ, ಐದ ಚುಕ್ಕಿಗೆ ಒಂದ ಕೊಟ್ಟಾವ್ರು ಕಾಕುನ ಸ್ವಂತ ಮೈದುನ, ರಾಮದುರ್ಗದವ್ರು. ಬರದಿದ್ರು: "ಊಟ ಏಕ್ ನಂಬರ್. ಆದ್ರ ಮಮ್ಮಗನ ಜಾವಳದ ಊಟದಾಗ ನನ್ನ ಎರಡನೇ ಪಂಕ್ತಿಗೆ ಕುಂದ್ರಸಿದ್ರು."

ಕೆಟ್ಟ ಅಭಿಪ್ರಾಯ ಬಂದ್ರ ಸಣ್ಣದಾಗಿ, ಸಮಾಧಾನಲೆ ಉತ್ತರ ಕೊಡಬೇಕು ಅಂತ ನಾ ಎಲ್ಲಾ ಅಂಗಡಿಯವ್ರಿಗೂ ಹೇಳತೇನಿ, ಕಾಕುಗೂ ಹೇಳಿದೆ. ಕಾಕು ಫೋನ್ ಬಾಯಿ ಹಂತ್ಯಾಕ ಹಿಡದು ಮಾತಾಡಿದ್ರು, ಫೋನ್ ಅಷ್ಟೂ ಬರಕೊಂತು: "ಮೊದಲನೇ ಪಂಕ್ತಿ ಏಳೂ ಹೊತ್ತಿಗೆ ಬಂದ್ರಿ ನೀವು. ಎರಡ ಸಲ ಹೋಳಗಿ ನೀಡಿಸಿಕೊಂಡಿದ್ದ ಯಾಕ ಬರದಿಲ್ಲ?" ಅದನ್ನ ಓದಿ ಮಂದಿ ನಕ್ರು, ಮೈದುನನ ಚುಕ್ಕಿ ಮಾತ್ರ ಒಂದ ಉಳೀತು.

ಕಡೀಕ ಇಬ್ರೂ ಬಸ್ ಹತ್ತಿ ರಾಮದುರ್ಗಕ್ಕ ಹೋದ್ವಿ. ಕಾಕು ಟಾವೆಲ್, ಟೊಪಗಿ, ಕಾಯಿ ಕೊಟ್ಟು ಆಹೇರ ಮಾಡಿದ್ರು. ಮೈದುನರು ಕುಂಕುಮ ಹಚ್ಚಿಸಿಕೊಂಡು, ಟೊಪಗಿ ಹಾಕ್ಕೊಂಡು ಕನ್ನಡ್ಯಾಗ ನೋಡಕೊಂಡು, ಫೋನ್ ನನ್ನ ಕೈಯಾಗ ಕೊಟ್ರು. "ಐದೂ ಒತ್ತವಾ."

ಐದೂ ಒತ್ತಿದೆ. ಮರುದಿನ ಮುಂಜಾನೆ ನೋಡಿದ್ರ ಮತ್ತ ಎರಡ ಹೊಸಾ ಅಭಿಪ್ರಾಯ, ಎರಡಕ್ಕೂ ಒಂದೊಂದ ಚುಕ್ಕಿ. ಕಾಕುನ ಮನೋಳಿ ಭಾವ: "ಝುಣಕಕ್ಕ ಜೋಡಿ ಇಲ್ಲ. ಆದ್ರ ಸಣ್ಣಾವ್ರಿಗೆ ಟೊಪಗಿ, ಹಿರ್ಯಾರಿಗೆ ಏನೂ ಇಲ್ಲ." ಬೈಲಹೊಂಗಲದ ನಾದಿನಿ ಗಂಡ: "ರೊಟ್ಟಿ ಬೆಣ್ಣಿ ಇದ್ದಂಗ. ಮನಿ ಅಳಿಯಾ ನೆಪ್ಪಾಗಲಿಲ್ಲೇನ್?"

ಕಾಕು ಹಿಟ್ಟಿನ ಕೈಲೇನ ತಲಿ ಹಿಡಕೊಂಡ ಕುಂತ್ರು. "ಹೋತ ತಂಗಿ. ಬಾಗಲಾ ಹಾಕೂದ ಈಗ."

ಅಷ್ಟರಾಗ ಮಾಸ್ತರ ಫೋನ್. ನಾ ಸ್ಪೀಕರ್ ಹಾಕಿದೆ.

"ಎಲ್ಲಾ ಓದೇನ್ರಿ. ನಿಮ್ಮ ಬೀಗರು ಎಷ್ಟ ಸಿಟ್ಟಿನ್ಯಾಗ ಬರದಾರ, ಆದ್ರ ಒಬ್ರಿಗೂ ಊಟದಾಗ ತಪ್ಪ ತಗಿಯಾಕ ಆಗಿಲ್ಲ. ಇದಕ್ಕಿಂತ ಇನ್ನೇನ್ ಬೇಕ್ರಿ? ಬಸ್ ನಿಮ್ಮಲ್ಲೇ ನಿಲ್ಲಸ್ತೇನಿ."

ಕಾಕು ಸೆರಗಿಲೆ ಕಣ್ಣ ಒರಸಕೊಂಡು, "ಬರ್ರಿ ಮಾಸ್ತರ, ಬರ್ರಿ. ಮಂದಿ ಭಾಳ ಆದ್ರ ಎರಡ ಪಂಕ್ತಿ ಮಾಡೂಣು" ಅಂದ್ರು.

ಎರಡ ಪಂಕ್ತಿ ಅಂದ ಕೂಡಲೇ ಆ ಕಡೆ ಮಾಸ್ತರ ದನಿ ಬದಲಾತು.

"ಎರಡ ಮಾಡ್ರಿ, ಅಡ್ಡಿಯಿಲ್ಲ. ನನ್ನಷ್ಟ ಮೊದಲನೇದ್ರಾಗ ಕುಂದ್ರಸ್ರಿ. ಚುಕ್ಕಿ ಒತ್ತಾಕ ನನ್ನ ಫೋನಿನ್ಯಾಗೂ ಬರತೈತ್ರಿ."